ಕಪ್ಪು ಬಟ್ಟೆಯ ಮೇಲೆ ಬಿಳಿಯ ಅಕ್ಷರ

ಕಳೆದ ತಿಂಗಳು ಬಟ್ಟೆಯ ಮೇಲಣ ಕಲೆಗಳನ್ನು ತೆಗೆಯುವ ಬಗೆಯನ್ನು ಕುರಿತು ಬರೆದಿದ್ದೆನಷ್ಟೆ. ಅದನ್ನೋದಿದ ಶಿಗ್ಗಾಂವಿಯ ಸೋದರಿಯೊಬ್ಬರು ಹಾನಗಲ್ಲಿನ ನಮ್ಮ ಮನೆಗೆ ಬಂದು ಒಂದು ಗಂಟನ್ನು ಬಿಚ್ಚಿದರು. ಅದರಲ್ಲಿ ಕಡುಗೆಂಪು ಬಣ್ಣದ ೪೦ ಜರ್ಸಿಗಳಿದ್ದುವು. ಎದೆಯ ಮೇಲೆ ಬೆಳ್ಳಗೆ ಮೂಡಬೇಕಾಗಿದ್ದ ಕಬಡ್ಡಿ ತಂಡದ ಹೆಸರು ಗುಲಾಬಿಯ ಬಣ್ಣವನ್ನು ತಾಳಿದ್ದಿತು.

“ಸರ, ಅಚ್ಚು ಒತ್ತಿದ ದಿನ ಹಾಲಿನಂಗ ಬೆಳ್ಳಗ ಇತ್ರೀ. ನಾಕು ದಿನಕ್ಕ ಹಿಂಗಾತು. ನೀರು ಸೈತ ಸೋಕಿಸಿಲ್ರೀ. ಈ ಕಲೆ ಹೆಂಗ ತೆಗೀಬೇಕ್ರಿ?”

ಹತ್ತು ಮಂದಿ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು, ಸಾಲ ತಂದು ಕೈಗೊಂಡ ಮೊದಲನೆಯ ಕೆಲಸವದು. ತಂಡದವರು ಜರ್ಸಿಗಳನ್ನು ಮರಳಿಸಿದ್ದರು; ಹಣವನ್ನು ಕೊಟ್ಟಿರಲಿಲ್ಲ. ಸಾಲದ ಕಂತಾದರೋ ತಪ್ಪುವಂತಿಲ್ಲ. ನಾನು ಮೇಷ್ಟರೇ ಹೊರತು ಬಣ್ಣಗಾರನಲ್ಲ. ಆದರೂ ಬಲ್ಲವರನ್ನು ವಿಚಾರಿಸಿ, ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಬಿಳಿಯ ಕಾಗದದ ಮೇಲೆ ಮಸಿಯಿಂದ ಬರೆದರೆ ಕಾಣುವುದು. ಅದೇ ಮಸಿಯಿಂದ ಕರಿಹಲಗೆಯ ಮೇಲೆ ಬರೆದರೆ ಕಾಣುವುದೇ? ಅಲ್ಲಿಗೆ ಸೀಮೆಸುಣ್ಣವೇ ಬೇಕು. ಮಸಿಯು ಪಾರದರ್ಶಕ, ಕೆಳಗಿನ ಬಣ್ಣದೊಡನೆ ಬೆರೆತುಹೋಗುವುದು. ಸುಣ್ಣವು ಕೆಳಗಿನದನ್ನು ಮುಚ್ಚಿಬಿಡುವುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ರಾಷ್ಟ್ರಧ್ವಜದ ಬಿಳಿಯ ಪಟ್ಟಿಯ ಎರಡೂ ಬದಿಗೆ ಕಡುನೀಲಿಯ ಚಕ್ರವನ್ನು ಅಚ್ಚೊತ್ತುತ್ತಾರೆ. ಎರಡು ಬದಿಯ ಚಕ್ರಗಳನ್ನು ಒಂದರ ಮೇಲೊಂದು ಕೂಡಿಸುವುದು ಕಷ್ಟದ ಕೆಲಸವೇ ಸರಿ. ಆದರೆ ಬಿಳುಪಿನ ಮೇಲೆ ನೀಲಿಯನ್ನು ಕಾಣಿಸುವುದು ಕಷ್ಟವಲ್ಲ. ಕಪ್ಪಿನ ಮೇಲೆ ಬಿಳುಪನ್ನು ಕಾಣಿಸುವುದೇ ಕಷ್ಟ. ನಮ್ಮ ಅಜ್ಜಿಯಂದಿರು ಇದನ್ನು ಸೂಜಿಯಿಂದ ಗೆದ್ದಿದ್ದರು. ಚಂದ್ರಕಾಳಿ ಸೀರೆಯ ಅಚ್ಚಗಪ್ಪಿನ ಮೇಲೆ ಗವಂತಿ, ಮುರ್ಗಿ, ನೇಗಿ, ಮೆಂತಿಗಳೆಂಬ ಕಸೂತಿಯ ಹೊಲಿಗೆಗಳಿಂದ ಗೋಪುರ, ತೇರು, ನವಿಲುಗಳನ್ನು ಮೂಡಿಸುತ್ತಿದ್ದರು. ದಾರದ ಬಣ್ಣವು ದಾರದ್ದೇ; ಅದಕ್ಕೆ ನೆಲದ ಬಣ್ಣದ ಹಂಗಿಲ್ಲ. ಆದರೆ ೪೦ ಜರ್ಸಿಗಳಿಗೆ ಕಸೂತಿ ಹಾಕುವ ವ್ಯವಧಾನ ಈಗ ಯಾರಿಗಿದೆ?

ಕಪ್ಪು ಬಟ್ಟೆಗೆ ಅಚ್ಚೊತ್ತುವವರು ಮುಖ್ಯವಾಗಿ ಮೂರು ಮಾರ್ಗಗಳನ್ನು ಹಿಡಿಯುತ್ತಾರೆ. ಮೊದಲನೆಯದು ಸ್ಕ್ರೀನ್ ಅಚ್ಚು. ಇದರಲ್ಲಿ ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿಯ ಪುಡಿ ಸೇರಿದ ದಟ್ಟವಾದ ಶಾಯಿಯನ್ನು ಮೊದಲು ತಳಕ್ಕೆ ಹಚ್ಚಿ, ಸ್ವಲ್ಪ ಒಣಗಿಸಿ, ಅದರ ಮೇಲೆ ಬೇರೆ ಬಣ್ಣಗಳನ್ನು ಒತ್ತತಕ್ಕದ್ದು. ಬಣ್ಣಕ್ಕೊಂದು ಸ್ಕ್ರೀನ್ ಬೇಕಾಗುವುದರಿಂದ ನೂರಾರು ಅಂಗಿಗಳಿಗೆ ಇದು ಅಗ್ಗ, ನಾಲ್ಕಾರಕ್ಕೆ ದುಬಾರಿ.

ಎರಡನೆಯದನ್ನು ಡಿಸ್ಚಾರ್ಜ್ ಎನ್ನುವರು. ಬಣ್ಣವನ್ನು ಹಚ್ಚುವುದಕ್ಕೆ ಬದಲಾಗಿ ಬಟ್ಟೆಯಲ್ಲಿದ್ದ ಬಣ್ಣವನ್ನೇ ರಾಂಗೊಲೈಟ್ ಮುಂತಾದ ದ್ರವ್ಯಗಳಿಂದ ಶಾಖದಲ್ಲಿ ಕಳೆಯುವುದು ಇದರ ಮರ್ಮ. ಅಚ್ಚು ಕೈಗೆ ಹತ್ತುವುದೇ ಇಲ್ಲ, ಅಷ್ಟು ಮೃದು. ಆದರೆ ಇದು ಹತ್ತಿಗೆ ಸಲ್ಲುವುದು, ಪಾಲಿಯೆಸ್ಟರಿಗೆ ಸಲ್ಲದು. ಹತ್ತಿಯಲ್ಲಿಯೂ ಕೆಲವು ಬಣ್ಣಗಳು, ಉದಾಹರಣೆಗೆ ನವಿಲುಬಣ್ಣದ ನೀಲಿ, ಜಗ್ಗುವುದಿಲ್ಲ. ಕೆಲಸದ ಕೋಣೆಯಲ್ಲಿ ಗಾಳಿಯಾಡಬೇಕು, ಘಾಟು ಕಣ್ಣುರಿಸುವುದು. ಒಗೆಯದೆ ಮಕ್ಕಳಿಗೆ ತೊಡಿಸಲಾಗದು.

ಮೂರನೆಯದು ಡಿ.ಟಿ.ಎಫ್. ಎಂಬ ಹಾಳೆಯ ಅಚ್ಚು. ಚಿತ್ರವನ್ನು ಬಿಳಿಯ ಶಾಯಿಯ ಸಹಿತ ತೆಳುವಾದ ಹಾಳೆಯ ಮೇಲೆ ಮುದ್ರಿಸಿ, ಅಂಟಿನ ಪುಡಿ ಉದುರಿಸಿ, ಕಾದ ಯಂತ್ರದಿಂದ ಬಟ್ಟೆಗೆ ಒತ್ತುವರು. ಸವಣೂರಿನಲ್ಲಿ ಮದುವೆಯೊಂದಕ್ಕೆ ಆರೇ ಅಂಗಿಗಳ ಮೇಲೆ ವಧೂವರರ ಭಾವಚಿತ್ರ ಬೇಕೆಂದವರಿಗೆ ನಾನು ಇದನ್ನೇ ಹೇಳಿದೆ. ಹಿರೇಕೆರೂರಿನ ಕಡೆಯ ಶಾಲೆಯೊಂದರ ಸ್ನೇಹಸಮ್ಮೇಳನಕ್ಕೆ ೨೦೦ ಕಪ್ಪು ಹತ್ತಿಯ ಅಂಗಿಗಳು ಬೇಕೆಂದಾಗ ಇದನ್ನು ಹೇಳಲಿಲ್ಲ. ಎದೆಯಗಲದ ಹಾಳೆಯೊಳಗೆ ಗಾಳಿಯಾಡದು. ಬಿಸಿಲಿನಲ್ಲಿ ಮಕ್ಕಳು ಬೆವರುವರು. (ಬಣ್ಣವನ್ನು ಆವಿಯಾಗಿಸಿ ಇಳಿಸುವ ಸಬ್ಲಿಮೇಷನ್ ಎಂಬುದೊಂದಿದೆ; ಅದು ಬಿಳಿಯ ಪಾಲಿಯೆಸ್ಟರಿಗೇ ಸರಿ. ಕಪ್ಪಿನ ಮೇಲೆ ಅದರ ಹೆಸರೆತ್ತಿದವರನ್ನು ನಂಬಬೇಡಿರಿ.)

ಇನ್ನು ಗುಲಾಬಿಯ ಸಂಗತಿ. ಅದು ಕಲೆಯಲ್ಲ. ಆ ಜರ್ಸಿಗಳು ಪಾಲಿಯೆಸ್ಟರಿನವು. ಅದರ ನೂಲಿನಲ್ಲಿ ಕರಗಿ ನಿಂತಿರುವ ಬಣ್ಣವು ಹೆಚ್ಚು ಶಾಖ ತಗುಲಿದೊಡನೆ ಕದಲಿ, ಮೇಲಿನ ಶಾಯಿಯೊಳಕ್ಕೆ ನುಸುಳುವುದು. ಅವರು ಬಳಸಿದ ಪ್ಲಾಸ್ಟಿಸಾಲ್ ಶಾಯಿಯು ಗಟ್ಟಿಗೊಳ್ಳಲು ಸುಮಾರು ೧೬೦ ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಶಾಖವೇ ಒಳಗಿನ ಕೆಂಪನ್ನು ಎಬ್ಬಿಸಿತು. ಕೂಡಲೇ ತೋರದೆ ದಿನಗಳೆದ ಮೇಲೆ ತೋರುವುದೇ ಇದರ ಮೋಸ. ಕಡಿಮೆ ಶಾಖದಲ್ಲಿ ಗಟ್ಟಿಯಾಗುವ ಶಾಯಿಯನ್ನೂ, ಅದರ ಕೆಳಗೆ ಬಣ್ಣವನ್ನು ತಡೆಯುವ ಬೂದುಬಣ್ಣದ ತಳವನ್ನೂ ಬಳಸಿದ್ದರೆ ಈ ನಷ್ಟ ಬಹುಶಃ ತಪ್ಪುತ್ತಿದ್ದಿತು.

ನಮ್ಮೂರನ್ನು ವಿರಾಟನಗರವೆನ್ನುವ ಪ್ರತೀತಿಯುಂಟು. ಆ ನಗರದ ರಾಜಕುವರಿ ಉತ್ತರೆಯು ಬೊಂಬೆಗಳಿಗಾಗಿ ಕೌರವರ ಬಣ್ಣದ ವಸ್ತ್ರಗಳನ್ನು ತರಹೇಳಿದಾಗ, ಬಣ್ಣ ಚೆನ್ನಾಗಿದ್ದರೆ ಸಾಲದು, ನಯವೂ ಮೃದುವೂ ಆಗಿರಬೇಕೆಂದಳು. ನಮ್ಮ ಗಿರಾಕಿಗಳು ಬಣ್ಣವನ್ನು ಮಾತ್ರ ಹೇಳಿ ಹೋಗುವರು. ನೂಲು ಯಾವುದೆಂದು ಒತ್ತುವವರೂ ಕೇಳುವುದಿಲ್ಲ. ತಿಳಿಯುವುದು ಸುಲಭ. ಹೊಲಿಗೆಯ ಒಳಬದಿಯಿಂದ ಬಟ್ಟೆಯದೇ ಒಂದು ಎಳೆಯನ್ನು ಕಿತ್ತು, ಚಿಮಟದಲ್ಲಿ ಹಿಡಿದು, ದೀಪಕ್ಕೆ ಒಡ್ಡಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಹಗುರವಾದ ಬೂದಿ ಉಳಿಯುವುದು. ಪಾಲಿಯೆಸ್ಟರಾದರೆ ಮುದುಡಿ, ಕರಗಿ, ಗಟ್ಟಿಯಾದ ಮಣಿಯಾಗುವುದು. ಅನಂತರ ಒಂದೇ ಒಂದು ಅಂಗಿಗೆ ಒತ್ತಿ, ಮಡಿಸಿ, ವಾರದವರೆಗೆ ಇಟ್ಟು ನೋಡಿ, ಉಳಿದವಕ್ಕೆ ಕೈ ಹಚ್ಚತಕ್ಕದ್ದು.

ಆ ಸೋದರಿಯರು ಹೀಗೆಯೇ ಎರಡು ಜರ್ಸಿಗಳಿಗೆ ಹಳೆಯ ಅಚ್ಚಿನ ಮೇಲೆಯೇ ಬೂದುಬಣ್ಣದ ತಳವನ್ನೂ ಹೊಸ ಬಿಳಿಯ ಶಾಯಿಯನ್ನೂ ಒತ್ತಿಸಿ ತಂದಿದ್ದಾರೆ. ಮನೆಯಲ್ಲಿದ್ದರೆ ದಿನಕ್ಕೆ ನಾಲ್ಕು ಸಲ ಬಿಚ್ಚಿ ನೋಡಿಯೇವೆಂದು ಅವನ್ನು ನನ್ನ ಬಳಿ ಬಿಟ್ಟುಹೋದರು. ಎರಡೂ ನನ್ನ ಪುಸ್ತಕದ ಪೆಟ್ಟಿಗೆಯಲ್ಲಿವೆ. ಬರುವ ಸೋಮವಾರ ಅವರು ಬರುವವರಿದ್ದಾರೆ.