ಹರಿದದ್ದು ಭುಜವೋ, ಧೈರ್ಯವೋ?

ಭುಜದ ನೋವಿಗೆ ಮಾಡುವ ಚಿಕಿತ್ಸೆಯಷ್ಟೇ ಆ ನೋವಿನ ಬಗ್ಗೆ ಆಡುವ ಮಾತೂ ಮುಖ್ಯವೆಂಬುದನ್ನು ನಮ್ಮ ಕಡೆಯ ಫಿಜಿಯೋಥೆರಪಿಸ್ಟರಲ್ಲಿ ಅನೇಕರು ಇನ್ನೂ ಒಪ್ಪಿಕೊಂಡಂತೆ ಕಾಣುವುದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ನಿವೃತ್ತಿಯ ನಂತರ ನನ್ನ ಓರಗೆಯವರ ಜೊತೆಗಾರನಾಗಿ ಇಂಥ ಹಲವು ಕೋಣೆಗಳ ಬೆಂಚಿನ ಮೇಲೆ ಕುಳಿತಿದ್ದೇನೆ. ಅಲ್ಲಿ ಯಂತ್ರಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಮಾತಿಗೆ. ಆಡುವ ನಾಲ್ಕು ಮಾತುಗಳಲ್ಲಿಯೂ ಎರಡು ರೋಗಿಯನ್ನು ಹೆದರಿಸುವಂಥವು.

ಬನಹಟ್ಟಿಯ ನೇಕಾರರೊಬ್ಬರಿಗೆ ಬಲಗೈ ಮೇಲೆತ್ತಲು ಬಾರದಾಯಿತು. ಸ್ಕ್ಯಾನಿಂಗ್ ವರದಿಯನ್ನು ನೋಡಿದ ಯುವಕ ತಲೆಯೆತ್ತದೆ ಹೇಳಿದ: “ಕಾಕಾ, ಭುಜದಾಗಿನ ನರ ಹರದೈತ್ರಿ. ಇನ್ನ ಭಾರ ಎತ್ತಬ್ಯಾಡ್ರಿ.” ಅಷ್ಟೇ. ಮುಂದಿನ ರೋಗಿಯ ಹೆಸರನ್ನು ಕೂಗಿದರು.

ಆ ಒಂದು ವಾಕ್ಯ ಏನೇನು ಮಾಡಿತೆಂಬುದನ್ನು ನೋಡೋಣ. ಮೊದಲನೆಯದು ‘ನರ’. ನಮ್ಮ ಭಾಗದಲ್ಲಿ ರಕ್ತನಾಳವೂ ನರವೇ, ಮಿದುಳಿನಿಂದ ಬರುವ ತಂತುವೂ ನರವೇ, ಸ್ನಾಯುವನ್ನು ಮೂಳೆಗೆ ಬಿಗಿಯುವ ರಜ್ಜುವೂ ನರವೇ. ವರದಿಯಲ್ಲಿ ಇದ್ದದ್ದು ಈ ಮೂರನೆಯದು. ಅವರು ಕೇಳಿಸಿಕೊಂಡದ್ದು ಎರಡನೆಯದು. ಹೊರಗೆ ಬಂದವರೇ ನನ್ನನ್ನು ಕೇಳಿದರು: “ಗುರುಗಳ, ಲಕ್ವಾ ಹೊಡೀತೈತೇನ್ರಿ?”

ಎರಡನೆಯದು ‘ಹರಿದಿದೆ’. ಮಗ್ಗದ ಮುಂದೆ ಜೀವ ಸವೆಸಿದವನಿಗೆ ಈ ಕ್ರಿಯಾಪದ ಹೊಸದಲ್ಲ. ಹಾಸಿನ ಎಳೆಯೊಂದು ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು, ಹಾಕದಿದ್ದರೆ ಸೀರೆ ಕೆಡುತ್ತದೆ. ಹರಿದ ಎಳೆ ತಾನಾಗಿ ಕೂಡುವುದನ್ನು ಅವನು ಎಂದೂ ಕಂಡಿಲ್ಲ. ಆದ್ದರಿಂದ ಅವನ ತರ್ಕ ನೇರವಾದದ್ದು: ಹರಿದಿದ್ದರೆ ಹೊಲಿಸಬೇಕು, ಹೊಲಿಸಲು ಮಿರಜಕ್ಕೋ ಬೆಳಗಾವಿಗೋ ಹೋಗಬೇಕು, ಹೋಗಲು ಸಾಲ ತೆಗೆಯಬೇಕು. ಆ ಯುವಕ ಹೇಳಿದ್ದು ಸುಳ್ಳಲ್ಲ, ಆದರೆ ನೇಕಾರನಿಗೆ ಹೇಳಬೇಕಾಗಿದ್ದ ಅರ್ಧವನ್ನು ಹೇಳಲಿಲ್ಲ.

ಆ ಅರ್ಧ ಯಾವುದು? ಜಪಾನಿನ ಒಂದೇ ಹಳ್ಳಿಯ 664 ಜನರ ಭುಜಗಳನ್ನು ಅಲ್ಟ್ರಾಸೌಂಡಿನಿಂದ ಪರೀಕ್ಷಿಸಿದ ವರದಿಯೊಂದು 2013ರಲ್ಲಿ ಪ್ರಕಟವಾಯಿತು. ಶೇಕಡಾ 22 ಜನರಲ್ಲಿ ರಜ್ಜು ಪೂರ್ತಿ ಹರಿದಿತ್ತು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ನೋವೇ ಇರಲಿಲ್ಲ! ಅಂದರೆ ವಯಸ್ಸಾದ ಭುಜದಲ್ಲಿ ಹರಕು ಕಾಣುವುದು ತಲೆಯಲ್ಲಿ ನರೆ ಕಂಡಷ್ಟೇ ಸಾಮಾನ್ಯ ಸಂಗತಿ, ನೋವಿಗೆಲ್ಲ ಅದೇ ಕಾರಣವೆಂದು ಹೇಳಲಾಗದು. ಭುಜವನ್ನು ಸುತ್ತುವರಿದ ರಜ್ಜುಗಳು ನಾಲ್ಕು. ಒಂದರ ಕೆಲಸವನ್ನು ಉಳಿದವು ಹಂಚಿಕೊಳ್ಳಬಲ್ಲವು. ನೂಲು ಬಳಸಿದಷ್ಟೂ ಸವೆಯುತ್ತದೆ. ಜೀವವಿರುವ ಸ್ನಾಯು ಹದವರಿತು ಬಳಸಿದರೆ ಬಲಿಯುತ್ತದೆ. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು, ನೇಕಾರನಿಗೆ ಇದು ಅರ್ಥವಾಗದ ಮಾತೂ ಅಲ್ಲ.

‘ಮೂಳೆ ತಿಕ್ಕತೈತಿ’ ಎನ್ನುವುದು ಇನ್ನೊಂದು ಮಾತು. ಭುಜದ ಮೇಲಿನ ಮೂಳೆ ಕೆಳಗಿನ ರಜ್ಜುವನ್ನು ತಿಕ್ಕುವುದರಿಂದಲೇ ನೋವು ಎಂಬ ವಾದವನ್ನು ಅಮೆರಿಕೆಯ ಚಾರ್ಲ್ಸ್ ನೀರ್ 1972ರಲ್ಲಿ ಪ್ರಚಾರಕ್ಕೆ ತಂದರು. ಆ ಮೂಳೆಯನ್ನು ಕೆತ್ತುವ ಶಸ್ತ್ರಚಿಕಿತ್ಸೆ ಲೋಕದಲ್ಲೆಲ್ಲ ನಡೆಯಿತು. ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ ಇದನ್ನು ಒರೆಗೆ ಹಚ್ಚಿದ ಪ್ರಯೋಗದ ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು: ಮೂಳೆ ಕೆತ್ತಿಸಿಕೊಂಡವರಿಗೂ, ದುರ್ಬೀನು ತೂರಿಸಿ ನೋಡಿ ಏನನ್ನೂ ಕೆತ್ತದೆ ಬಿಟ್ಟವರಿಗೂ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೂ ನಮ್ಮಲ್ಲಿ ಮೂಳೆ ಇನ್ನೂ ತಿಕ್ಕುತ್ತಲೇ ಇದೆ.

ಇನ್ನು ‘ಫ್ರೋಜನ್ ಶೋಲ್ಡರ್’. 1934ರಲ್ಲಿ ಕಾಡ್‌ಮನ್ ಎಂಬ ವೈದ್ಯರು ಇಟ್ಟ ಹೆಸರು. ಬೀಳಗಿಯ ಹೆಣ್ಣುಮಗಳೊಬ್ಬಳಿಗೆ ಇದನ್ನು ‘ಭುಜ ಹೆಪ್ಪುಗಟ್ಟೇತಿ’ ಎಂದು ಅನುವಾದಿಸಿ ಹೇಳಿದ್ದರು. ಆಕೆ ಅದನ್ನು ಶೀತವೆಂದು ತಿಳಿದು, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಶಾಲು ಹೊದ್ದು, ಫ್ಯಾನು ಆರಿಸಿ ಕುಳಿತಿದ್ದಳು. ಈ ಕಾಯಿಲೆಗೂ ಸಕ್ಕರೆ ಕಾಯಿಲೆಗೂ ಹತ್ತಿರದ ನಂಟಿದೆ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಬಿಗಿತ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷಗಳಲ್ಲಿ ಬಹಳ ಮಟ್ಟಿಗೆ ಸಡಿಲುತ್ತದೆ, ಕೆಲವರಲ್ಲಿ ಸ್ವಲ್ಪ ಉಳಿಯುತ್ತದೆ ಎಂಬುದನ್ನೂ ಹೇಳಿರಲಿಲ್ಲ. ದಿನ ಎಣಿಸಲಿಕ್ಕಾದರೂ ಮನುಷ್ಯನಿಗೆ ಒಂದು ಲೆಕ್ಕ ಬೇಡವೇ?

‘ಭಾರ ಎತ್ತಬೇಡಿ’ ಎಂಬ ಆಜ್ಞೆಯ ಬಗ್ಗೆ ನನಗೆ ಸಿಟ್ಟೇ ಬರುತ್ತದೆ. ಎಷ್ಟು ಭಾರ? ಎಷ್ಟು ದಿನ? ಮುಧೋಳದ ಕಬ್ಬಿನ ಗದ್ದೆಯಲ್ಲಿ ಸೂಡು ಹೊತ್ತು ಟ್ರ್ಯಾಕ್ಟರಿಗೆ ಏರಿಸುವವನಿಗೆ ಇದು ಸಲಹೆಯಲ್ಲ, ಕೂಲಿ ನಿಲ್ಲಿಸುವ ಹುಕುಂ. ‘ನೀವೇನು ಕೆಲಸ ಮಾಡ್ತೀರಿ?’ ಎಂದು ಮೊದಲು ಕೇಳಿದ್ದರೆ, ಹೆಗಲಿಗಿಂತ ಮೇಲೆ ಎತ್ತುವುದನ್ನು ಕೆಲವು ವಾರ ಜೊತೆಗಾರನಿಗೆ ಬಿಟ್ಟುಕೊಟ್ಟು, ಕಡಿಯುವ ಕೆಲಸ ಮುಂದುವರಿಸಬಹುದೇ ಎಂದು ಇಬ್ಬರೂ ಕೂಡಿ ಯೋಚಿಸಬಹುದಿತ್ತು. ಸಂಗ್ರಾಣಿ ಕಲ್ಲು ಎತ್ತುವ ಪೈಲವಾನರನ್ನು ಕಂಡ ನಾಡು ಇದು. ಮೊದಲ ದಿನವೇ ದೊಡ್ಡ ಕಲ್ಲಿಗೆ ಕೈ ಹಾಕುವ ಗರಡಿಯನ್ನು ನಾನಂತೂ ಕಂಡಿಲ್ಲ. ಹಂತಹಂತವಾಗಿ ಭಾರ ಏರಿಸುವ ವಿದ್ಯೆಯನ್ನು ನಮ್ಮ ಜನಕ್ಕೆ ಇಂಗ್ಲಿಷಿನಲ್ಲಿ ಕಲಿಸಬೇಕಾದ ಅಗತ್ಯವಿಲ್ಲ.

ಇದಕ್ಕೆ ಅವರ ಉತ್ತರವನ್ನೂ ಕೇಳಿದ್ದೇನೆ. ‘ಸರ್, ಜನಾ ಮಾತ ಕೇಳಾಕ ಬರೂದಿಲ್ಲ, ಕರೆಂಟ್ ಹಚ್ಚಿಸಿಕೊಳ್ಳಾಕ ಬರ್ತಾರ. ಯಂತ್ರ ಹಚ್ಚಲಿಲ್ಲಂದ್ರ ರೊಕ್ಕ ಕೊಡೂದಿಲ್ಲ.’ ಇದರಲ್ಲಿ ಸತ್ಯಾಂಶವಿದೆ, ನಮ್ಮ ಜನರ ಯಂತ್ರಭಕ್ತಿ ನನಗೆ ಗೊತ್ತು. ಆದರೆ ಆ ಭಕ್ತಿಯನ್ನು ಬೆಳೆಸಿದವರು ಯಾರು? ಹತ್ತು ದಿನದ ಕರೆಂಟಿನ ಪ್ಯಾಕೇಜನ್ನು ಗೋಡೆಗೆ ಬರೆಸಿದವರು ರೋಗಿಗಳಲ್ಲ. ಬ್ರಿಟನ್ನಿನಲ್ಲಿಯೇ 708 ರೋಗಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗ 2021ರಲ್ಲಿ ಪ್ರಕಟವಾಗಿದೆ. ಫಿಜಿಯೋಥೆರಪಿಸ್ಟರ ಬಳಿಗೆ ಆರು ಸಲದವರೆಗೆ ಹೋಗಿ ವ್ಯಾಯಾಮ ಮಾಡಿದವರೂ, ಒಂದೇ ಸಲ ಹೆಚ್ಚೆಂದರೆ ಒಂದು ಗಂಟೆ ಕುಳಿತು ತಿಳಿವಳಿಕೆ ಪಡೆದು ಮನೆಯಲ್ಲಿಯೇ ವ್ಯಾಯಾಮ ಮಾಡಿಕೊಂಡವರೂ ವರ್ಷದ ಕೊನೆಗೆ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದರು. ಒಂದು ಗಂಟೆಯ ಮಾತಿಗೆ ಅಷ್ಟು ಬೆಲೆಯಿದ್ದರೆ ಅದಕ್ಕೇ ಶುಲ್ಕ ತೆಗೆದುಕೊಳ್ಳಲಿ, ನಾನು ಸಂತೋಷದಿಂದ ಕೊಡಿಸುತ್ತೇನೆ.

ರೋಗಿಗೆ ಸಿಹಿ ಸುಳ್ಳು ಹೇಳಿರೆಂದು ನಾನು ಕೇಳುತ್ತಿಲ್ಲ. ಬಿದ್ದ ಕೂಡಲೇ ಕೈ ಎತ್ತಲು ಬಾರದಿದ್ದರೆ, ಜ್ವರ ಕೂಡಿದ್ದರೆ, ಎದೆ ಬಿಗಿದು ಬೆವರಿ ಎಡ ತೋಳು ನೋಯುತ್ತಿದ್ದರೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗೆಂದು ಗಟ್ಟಿಯಾಗಿಯೇ ಹೇಳಬೇಕು. ಆಗ ಹೆದರಿಸಿದರೂ ತಪ್ಪಿಲ್ಲ. ಉಳಿದ ಹೊತ್ತಿನಲ್ಲಿ, ‘ಪೆಂಡುಲಮ್ ಮಾಡ್ರಿ, ಪುಲಿ ಮಾಡ್ರಿ’ ಎಂದು ಚೀಟಿ ಕೊಡುವ ಬದಲು, ಬಾವಿಯ ಗಡಗಡಿಯಲ್ಲಿ ಹಗ್ಗ ಎಳೆದಂತೆ ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಮೇಲೆ ಎಳೆಯಿರಿ, ಸ್ವಲ್ಪ ನೋವಾದರೆ ಒಳಗೇನೂ ಹರಿಯುವುದಿಲ್ಲ, ಆದರೆ ರಾತ್ರಿಯೆಲ್ಲ ನೋವು ನಿಲ್ಲದಿದ್ದರೆ ಮರುದಿನ ಅರ್ಧ ಮಾಡಿ ಎಂದು ಹೇಳಲಿ.

ಬನಹಟ್ಟಿಯ ಆ ನೇಕಾರರು ಈಗ ಬೇರೊಬ್ಬರ ಬಳಿ ಹೋಗುತ್ತಿದ್ದಾರೆ. ಆಕೆ ಮೊದಲ ದಿನ ಯಂತ್ರ ಮುಟ್ಟಲಿಲ್ಲವೆಂದು ಇವರಿಗೆ ಸ್ವಲ್ಪ ಅಸಮಾಧಾನವಾಗಿತ್ತಂತೆ. ಲಾಳಿಗೆ ಕಂಡಿಕೆ ಹಾಕುವಾಗ ಕೈ ಎಷ್ಟು ಎತ್ತರಕ್ಕೆ ಹೋಗುತ್ತದೆ, ತೋರಿಸಿರಿ ಎಂದು ಆಕೆ ಕೇಳಿದ್ದಳಂತೆ.