ನಮ್ಮ ಮನೆಯ ಕಥೆ ಬರೆಯುವವರು ಯಾರು?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಕನ್ನಡದ ಎಲ್ಲರ ಹಾಗೆ ನಾವೂ ಸಂಭ್ರಮಪಟ್ಟೆವು. ನಮ್ಮ ಕ್ರೈಸ್ತ ಸಭೆಯ ವಾಟ್ಸ್‌ಆಪ್ ಗುಂಪುಗಳಲ್ಲೂ ಅಭಿನಂದನೆಗಳು ಹರಿದಾಡಿದವು. ಆದರೆ ಆ ಕಥೆಗಳಿಗೆ ತೆತ್ತ ಬೆಲೆಯನ್ನು ನಮ್ಮಲ್ಲಿ ಎಷ್ಟು ಜನ ನೆನೆದೆವು? ಮಸೀದಿಗೆ ಹೆಣ್ಣುಮಕ್ಕಳೂ ಹೋಗಬಹುದು ಎಂದಿದ್ದಕ್ಕೆ ಬಾನು ಅವರು ಸಾಮಾಜಿಕ ಬಹಿಷ್ಕಾರ ಎದುರಿಸಿದವರು. ಅವರಿಗಿಂತ ಮೊದಲು ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದು, ತಲಾಖಿನ ಹೆಸರಿನಲ್ಲಿ ಒಂದು ಹೆಣ್ಣು ಜೀವ ಹೇಗೆ ಹಿಂಡಿಹೋಗುತ್ತದೆ ಎಂದು ತೋರಿಸಿ, ತಮ್ಮವರ ಕೋಪವನ್ನು ಮೈಮೇಲೆ ಎಳೆದುಕೊಂಡರು. ಬೊಳುವಾರು, ಫಕೀರ್ ಮುಹಮ್ಮದ್ ಕಟ್ಪಾಡಿಯಂಥ ಕಥೆಗಾರರು ಬಂದರು. ಕರಾವಳಿಯ ಮುಸ್ಲಿಂ ಮನೆಯ ಅಡುಗೆಕೋಣೆ, ಜಗಲಿ, ಜಗಳ, ಹಾಸ್ಯ ಎಲ್ಲವೂ ಕನ್ನಡ ಓದುಗನಿಗೆ ಪರಿಚಯವಾದವು.

ಈಗ ನನ್ನ ಪ್ರಶ್ನೆ. ಕರ್ನಾಟಕದ ಕ್ರೈಸ್ತ ಮನೆಯ ಒಳಗನ್ನು ಹೀಗೆ ನಿರ್ಭಯವಾಗಿ ತೋರಿಸುವ ಕನ್ನಡ ಕಥೆಗಳು ಎಷ್ಟಿವೆ, ಗೆಳೆಯರೇ? ಬೆರಳೆಣಿಕೆಯಷ್ಟು. ಸಾಗರದ ನಾ. ಡಿಸೋಜ ಇದ್ದರು, 2025ರ ಜನವರಿಯಲ್ಲಿ ಅವರನ್ನೂ ಕಳೆದುಕೊಂಡೆವು. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಎಂಬ ಅವರ ಕೃತಿಯ ಹೆಸರೇ ಸಾಕು, ಅವರು ಎಲ್ಲಿ ನಿಂತು ನೋಡುತ್ತಿದ್ದರು ಎಂದು ತಿಳಿಯಲು. ಅದೇ ಡಿಸೋಜರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಸಂಕಟವನ್ನು ‘ದ್ವೀಪ’ದಲ್ಲಿ ಬರೆಯುವಾಗ, ಅದು ಯಾವ ಜಾತಿಯವರ ಮನೆ ಎಂದು ಲೆಕ್ಕ ಹಾಕಲಿಲ್ಲ. ಮನೆ ಮುಳುಗುತ್ತಿದೆ, ಅಷ್ಟೇ. ನನಗೆ ಗೊತ್ತಿರುವ ಅತ್ಯುತ್ತಮ ಕ್ರೈಸ್ತ ಬರವಣಿಗೆ ಅದು. ಅದರಲ್ಲಿ ಒಂದು ಶಿಲುಬೆಯನ್ನೂ ಹುಡುಕಬೇಕಾಗಿಲ್ಲ.

ನಾವು ಬರೆಯುತ್ತಿರುವುದು ಏನನ್ನು? ಸಭೆಯ ಮಾಸಪತ್ರಿಕೆ, ಯುವಜನ ಕೂಟದ ಕಥಾಸ್ಪರ್ಧೆ, ಕ್ರಿಸ್‌ಮಸ್ ನಾಟಕ, ಎಲ್ಲಿ ನೋಡಿದರೂ ಒಂದೇ ಕಥೆ. ಕುಡುಕ ಗಂಡ, ಅಳುವ ಹೆಂಡತಿ, ಪಾಸ್ಟರ್ ಅಯ್ಯನವರ ಭೇಟಿ, ಒಂದು ರಾತ್ರಿಯ ಪ್ರಾರ್ಥನೆ. ಬೆಳಗಾಗುವಷ್ಟರಲ್ಲಿ ಬಾಟಲಿ ಗಟಾರದಲ್ಲಿ, ಗಂಡ ಆರಾಧನೆಯಲ್ಲಿ. ಹಾಗೆ ನಡೆದ ಮನೆಗಳಿವೆ, ಇಲ್ಲ ಎನ್ನುವುದಿಲ್ಲ. ಆದರೆ ಅಂಥ ಮನೆಯ ಹೆಂಗಸನ್ನು ಒಮ್ಮೆ ಬಿಡಿಸಿ ಕೇಳಿ. ಕುಡಿತ ಬಿಟ್ಟ ಮೇಲೂ ತೀರದ ಸಾಲ, ತಂದೆಯ ಹತ್ತಿರ ಸುಳಿಯಲು ಹೆದರುವ ಮಗ, ಮೊದಲ ಸಲ ಗಂಡ ಸಂಬಳ ಕೈಗಿತ್ತಾಗ ಏನು ಮಾಡಬೇಕೆಂದು ತಿಳಿಯದೆ ನಿಂತದ್ದು, ಇವನ್ನೆಲ್ಲ ಆಕೆ ಹೇಳುತ್ತಾಳೆ. ಕಥೆ ಅಲ್ಲಿಂದ ಶುರುವಾಗಬೇಕಿತ್ತು. ನಾವು ಅಲ್ಲಿಗೇ ಆಮೆನ್ ಹೇಳಿ ಎದ್ದುಬಿಡುತ್ತೇವೆ.

ಇದಕ್ಕೆ ಭಕ್ತಿ ಕಾರಣ ಅಂದುಕೊಂಡಿದ್ದೇವೆ. ನನ್ನ ಮಟ್ಟಿಗೆ ಇದು ಅಂಜಿಕೆ. ಕಥೆ ಕೊನೆಯಲ್ಲಿ ಸರಿಹೋಗದಿದ್ದರೆ ದೇವರಿಗೆ ಅವಮಾನವಾದೀತು ಎಂಬ ಅಂಜಿಕೆ. ಸತ್ಯವೇದಕ್ಕೆ ಈ ಅಂಜಿಕೆ ಇಲ್ಲವಲ್ಲ! ಎಸ್ತೇರಳ ಪುಸ್ತಕವನ್ನೇ ನೋಡಿ. ಅರಮನೆಯ ಒಳಸಂಚು, ಔತಣ, ಗಲ್ಲುಗಂಬ ಎಲ್ಲ ಇದೆ. ಅದರ ಮೂಲ ಹೀಬ್ರೂ ಪಾಠದಲ್ಲಿ ದೇವರ ಹೆಸರು ಒಂದು ಸಲವೂ ಬರುವುದಿಲ್ಲ. ನಮ್ಮ ಕಥಾಸ್ಪರ್ಧೆಗೆ ಅದನ್ನು ಕಳಿಸಿದ್ದರೆ ಸಮಾಧಾನಕರ ಬಹುಮಾನವೂ ಸಿಗುತ್ತಿರಲಿಲ್ಲ. ಯೋಬ ದೇವರ ಎದುರು ನಿಂತು ವಾದಿಸುತ್ತಾನೆ, ಬುದ್ಧಿ ಹೇಳಲು ಬಂದ ಭಕ್ತ ಗೆಳೆಯರೇ ಕೊನೆಗೆ ಬೈಸಿಕೊಳ್ಳುತ್ತಾರೆ. ಎಂಬತ್ತೆಂಟನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಯಾರೂ ದೀಪ ಹಚ್ಚುವುದಿಲ್ಲ.

ನಾತಾನನನ್ನು ನೆನಪಿಸಿಕೊಳ್ಳಿ. ಅರಸ ದಾವೀದ ಊರೀಯನ ಹೆಂಡತಿಯನ್ನು ಕರೆಸಿಕೊಂಡಿದ್ದಾನೆ, ಊರೀಯನನ್ನು ಯುದ್ಧದ ಮುಂಚೂಣಿಗೆ ತಳ್ಳಿ ಸಾಯಿಸಿದ್ದಾನೆ. ಪ್ರವಾದಿ ನಾತಾನ ಬಂದು ಪ್ರಸಂಗ ಮಾಡಬಹುದಿತ್ತು, ಆಜ್ಞೆಗಳನ್ನು ಓದಿ ಹೇಳಬಹುದಿತ್ತು. ಅವನು ಒಬ್ಬ ಬಡವನ ಕುರಿಮರಿಯ ಕಥೆ ಹೇಳಿದ. ಆ ಮರಿ ಅವನ ತಟ್ಟೆಯಲ್ಲೇ ಉಣ್ಣುತ್ತಿತ್ತು, ಅವನ ಮಡಿಲಲ್ಲೇ ಮಲಗುತ್ತಿತ್ತು ಎಂಬ ವಿವರಗಳನ್ನು ಗಮನಿಸಿ; ತೀರ್ಪಿಗೆ ಅವು ಬೇಕಾಗಿರಲಿಲ್ಲ, ಕಥೆಗೆ ಬೇಕಾಗಿದ್ದವು. ಅರಸ ಸಿಟ್ಟಿಗೆದ್ದು ತಾನೇ ತನಗೆ ಶಿಕ್ಷೆ ವಿಧಿಸಿಕೊಂಡ ಮೇಲಷ್ಟೇ ನಾತಾನ ಬೆರಳು ತೋರಿಸಿದ. ಯೇಸುಸ್ವಾಮಿ ಹೇಳಿದ ತಪ್ಪಿಹೋದ ಮಗನ ಕಥೆಯೂ ಹಾಗೆಯೇ. ಒಳಗೆ ಹಬ್ಬ ನಡೆದಿದೆ, ಅಣ್ಣ ಮುನಿಸಿಕೊಂಡು ಹೊರಗೆ ನಿಂತಿದ್ದಾನೆ, ತಂದೆ ಬಂದು ಅಂಗಲಾಚುತ್ತಿದ್ದಾನೆ. ಅಣ್ಣ ಒಳಗೆ ಹೋದನೋ ಇಲ್ಲವೋ? ಲೂಕ ಹೇಳುವುದಿಲ್ಲ. ಹೋಗುವುದು ಬಿಡುವುದು ಕೇಳುಗನ ಪಾಲಿಗೆ ಬಿಟ್ಟಿದೆ. ಇಂಥ ಗುರುವಿನ ಹಿಂದೆ ಹೊರಟ ನಾವು ಪ್ರತಿ ಕಥೆಯ ಬಾಲಕ್ಕೂ ನೀತಿಪಾಠ ಕಟ್ಟುತ್ತೇವೆ.

ಬರೆಯಲು ಏನಿದೆ ಎನ್ನುವವರಿಗೆ ನಾನು ಸ್ಮಶಾನ ತೋರಿಸುತ್ತೇನೆ. ದೇವರ ಮುಂದೆ ಎಲ್ಲರೂ ಸಮ ಎಂದು ಹಾಡಿ ಬಂದವರು ಮಣ್ಣಾಗುವಾಗ ಯಾರ ಪಕ್ಕ ಯಾರು ಮಲಗಬೇಕೆಂದು ಅಳೆಯುವುದನ್ನು ಬರೆಯಿರಿ. ಮದುವೆ ಮಾತುಕತೆಯಲ್ಲಿ, ಮೊಮ್ಮಕ್ಕಳಿಗೂ ಗೊತ್ತಿರದ ಹಳೆಯ ಜಾತಿಯ ಹೆಸರನ್ನು ಹಿರಿಯರು ಪಿಸುದನಿಯಲ್ಲಿ ವಿಚಾರಿಸುವುದನ್ನು ಬರೆಯಿರಿ. 1950ರ ರಾಷ್ಟ್ರಪತಿ ಆದೇಶದ ಕಾರಣ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ಇಲ್ಲ. ಸರ್ಕಾರದ ಕಾಗದದಲ್ಲಿ ಅವರ ಜಾತಿ ಅಳಿಸಿದೆ, ಸಭೆಯ ಬೆಂಚಿನಲ್ಲಿ ಅಳಿಸಿಲ್ಲ. ಈ ಎರಡು ಕಲ್ಲುಗಳ ನಡುವೆ ಸಿಕ್ಕ ಒಬ್ಬ ಹುಡುಗನ ಕಾದಂಬರಿ ನಮಗೆ ಇನ್ನೂ ಬರಬೇಕಿದೆ.

2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ ಚರ್ಚುಗಳ ಮೇಲೆ ದಾಳಿಯಾಯಿತು. ವರದಿಗಳು ಬಂದವು, ಹೇಳಿಕೆಗಳು ಬಂದವು. ಆ ದಿನ ಬಾಗಿಲ ಹಿಂದೆ ಮಗುವಿನ ಬಾಯಿ ಮುಚ್ಚಿ ಕೂತ ತಾಯಿಯ ಕಥೆ, ಮರುದಿನ ಏನೂ ಆಗಿಲ್ಲವೆಂಬಂತೆ ತರಕಾರಿ ತಂದುಕೊಟ್ಟ ಪಕ್ಕದ ಮನೆಯವರ ಕಥೆ ಎಲ್ಲಿ? ನಮ್ಮ ಗಾಯ ಬರೆಯಬೇಕು, ಖಂಡಿತ ಬರೆಯಬೇಕು. ಆದರೆ ನಾವು ಇನ್ನೊಬ್ಬರಿಗೆ ಮಾಡಿದ ಗಾಯವನ್ನು ಬರೆಯದ ಕೈ ನಮ್ಮ ಗಾಯವನ್ನು ಬರೆದರೆ ಅದನ್ನು ಯಾರು ನಂಬಬೇಕು?

ಇನ್ನೂ ಇದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮತ ಬದಲಿಸಿ ಮನೆ, ಗದ್ದೆ, ನೆಂಟಸ್ತಿಕೆ ಎಲ್ಲ ಕಳೆದುಕೊಂಡವರಿಗೆ ಹೊಟ್ಟೆಪಾಡಿಗೆ ಒಂದು ದಾರಿ ಬೇಕಿತ್ತು. ಆ ಹೆಂಚು ದೇಶ ದಾಟಿ ಹೋಯಿತು. ಅದನ್ನು ತಟ್ಟಿದ ಹೆಂಗಸರು, ಶಿಳ್ಳೆಗೆ ಏಳುವ, ಗಂಟೆಗೆ ಪ್ರಾರ್ಥಿಸುವ ಹೊಸ ಬದುಕಿಗೆ ಹೇಗೆ ಹೊಂದಿಕೊಂಡರೋ, ಹಳೆಯ ಊರಿನ ಜಾತ್ರೆಯ ಡೋಲು ಕೇಳಿದಾಗ ಅವರ ಕಾಲು ಏನು ಹೇಳಿತೋ! ಇತಿಹಾಸಕಾರರು ಕಾರ್ಖಾನೆಯನ್ನು ಬರೆದಿದ್ದಾರೆ. ಆ ಕಾಲನ್ನು ಕಥೆಗಾರನೇ ಬರೆಯಬೇಕು.

ಓದಿನ ವಿಷಯಕ್ಕೆ ಬಂದರೆ ನಮ್ಮ ಬಡತನ ಇನ್ನೂ ದೊಡ್ಡದು. ಕಾದಂಬರಿ ಲೋಕದ ವಸ್ತು, ವಚನ ಅನ್ಯರ ವಸ್ತು, ಭಕ್ತನಿಗೆ ಸತ್ಯವೇದ ಒಂದೇ ಸಾಕು ಎಂದು ಸಂಡೇ ಸ್ಕೂಲಿನಿಂದಲೇ ಹೇಳಿಸಿಕೊಂಡು ಬೆಳೆದವರು ಎಷ್ಟೋ ಜನ. ಹೇಳಿದವರ ಕಾಳಜಿಯನ್ನು ನಾನು ಹಳಿಯುವುದಿಲ್ಲ. ಆದರೆ ಈ ಕಾಳಜಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಚರಿತ್ರೆಯಲ್ಲೇ ಉದಾಹರಣೆ ಇದೆ. ರೋಮಿನ ಸಭೆ 1559ರಿಂದ 1966ರವರೆಗೆ ನಿಷೇಧಿತ ಪುಸ್ತಕಗಳ ಪಟ್ಟಿಯೊಂದನ್ನು ಇಟ್ಟುಕೊಂಡಿತ್ತು. ವಿಕ್ಟರ್ ಹ್ಯೂಗೋನ ‘ಲೆ ಮಿಸೆರಾಬ್ಲ್’ ಕೂಡ ಆ ಪಟ್ಟಿಯಲ್ಲಿತ್ತು. ತನ್ನ ಬೆಳ್ಳಿ ಕದ್ದ ಖೈದಿಗೆ ದೀಪಸ್ತಂಭಗಳನ್ನೂ ಕೊಟ್ಟು ಕಳಿಸುವ ಆ ಬಿಷಪ್ ಮಿರಿಯೆಲ್‌ನಂಥ ಬಿಷಪ್ ವಿಶ್ವಸಾಹಿತ್ಯದಲ್ಲೇ ಅಪರೂಪ. ಅವನಿರುವ ಪುಸ್ತಕವನ್ನೇ ಸಭೆ ಬಾಗಿಲಾಚೆ ನಿಲ್ಲಿಸಿತ್ತು. ಆ ಪಟ್ಟಿ ರದ್ದಾದ 1966ರಲ್ಲೇ ಜಪಾನಿನ ಶುಸಾಕು ಎಂಡೋ ‘ಮೌನ’ ಎಂಬರ್ಥದ ಹೆಸರಿನ ಕಾದಂಬರಿ ಪ್ರಕಟಿಸಿದ. ಚಿತ್ರಹಿಂಸೆಯ ಎದುರು ನಂಬಿಕೆ ಬಿಟ್ಟುಕೊಟ್ಟ ಪಾದ್ರಿಯ ಕಥೆ. ಹುತಾತ್ಮರ ಊರಾದ ನಾಗಸಾಕಿಯ ಕ್ರೈಸ್ತರಲ್ಲಿ ಅನೇಕರಿಗೆ ಅದು ಇಷ್ಟವಾಗಲಿಲ್ಲ. ನೋವಾದದ್ದು ಸಹಜ. ಆದರೆ ಸೋತವನ ಪಕ್ಕದಲ್ಲೂ ಕ್ರಿಸ್ತ ಕೂತಿರಬಹುದೇ ಎಂದು ಕೇಳುವ ಧೈರ್ಯ ಆ ಕಾದಂಬರಿಕಾರನಿಗೇ ಬಂತು, ಪ್ರಸಂಗಪೀಠಕ್ಕಲ್ಲ.

ಅಷ್ಟು ದೂರವಾದರೂ ಯಾಕೆ? ನಮ್ಮ ನೆಲಕ್ಕೆ ಬಂದ ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಶಾಲಾಪುಸ್ತಕದಲ್ಲಿದೆ. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಹುಡುಕಿ ಅಚ್ಚುಹಾಕಿಸಿದವನೂ ಅದೇ ಮಿಷನರಿ. ಕಿಟೆಲ್ ಕೇಶಿರಾಜನನ್ನೂ ನಾಗವರ್ಮನನ್ನೂ ಸಂಪಾದಿಸಿ, 1894ರಲ್ಲಿ ನಿಘಂಟು ಕೊಟ್ಟ. ಉತ್ತಂಗಿ ಚನ್ನಪ್ಪನವರಂತೂ ಸಭಾಪಾಲಕರು. ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು, ಅನುಭವ ಮಂಟಪದ ಐತಿಹಾಸಿಕತೆಗಾಗಿ ವಾದಿಸಿದರು, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಸರ್ವಜ್ಞನನ್ನು ಓದಿ ಅವರ ನಂಬಿಕೆ ಕರಗಿತೇ? ಇವರ ಫೋಟೋಗಳಿಗೆ ಹಾರ ಹಾಕುವ ನಾವು ಇವರ ಕಪಾಟಿನಲ್ಲಿದ್ದ ಪುಸ್ತಕಗಳಿಗೆ ಹೆದರುತ್ತೇವೆ!

ಕರಾವಳಿಯ ಕೊಂಕಣಿ ಗೆಳೆಯರಿಗೆ ಒಂದು ಮಾತು. ನಿಮ್ಮ ಹಿರಿಯರು ಗೋವೆಯಿಂದ ಬರುವಾಗ ಪುಸ್ತಕದ ಬೆಲೆ ಅರಿತು ಬಂದವರು. ಪೋರ್ಚುಗೀಸ್ ವೈಸ್‌ರಾಯ್ 1684ರಲ್ಲಿ ಕೊಂಕಣಿ ಬಿಡಬೇಕೆಂದು ಆಜ್ಞೆ ಹೊರಡಿಸಿದ್ದ. ಅದಕ್ಕೂ ಮೊದಲೇ ಥಾಮಸ್ ಸ್ಟೀಫನ್ಸ್ ಎಂಬ ಜೆಸ್ವಿಟ್ ಪಾದ್ರಿ ಮರಾಠಿಯ ಓವಿಗಳಲ್ಲಿ ‘ಕ್ರಿಸ್ತಪುರಾಣ’ ಬರೆದಿದ್ದ. 1616ರಲ್ಲಿ ಅಚ್ಚಾದ ಅದರ ಮೊದಲ ಮುದ್ರಣದ ಪ್ರತಿ ಇಂದು ಸಿಗುವುದಿಲ್ಲ. ಕೃತಿ ಉಳಿದದ್ದು ಮನೆಮನೆಗಳಲ್ಲಿ ಜನ ಕೈಯಿಂದ ನಕಲು ಮಾಡಿ ಇಟ್ಟುಕೊಂಡದ್ದರಿಂದ. ಅಂಥ ಹಸ್ತಪ್ರತಿಗಳನ್ನು ಆಧರಿಸಿ ಜೋಸೆಫ್ ಸಲ್ಡಾನ 1907ರಲ್ಲಿ ಮಂಗಳೂರಿನಲ್ಲೇ ಅದನ್ನು ಮತ್ತೆ ಅಚ್ಚು ಹಾಕಿಸಿದರು. ಹೆಸರು ನೋಡಿ: ಪುರಾಣ. ಕ್ರಿಸ್ತನ ಕಥೆಯನ್ನು ನೆರೆಯವರ ಛಂದಸ್ಸಿನಲ್ಲಿ ಹೇಳಲು ಆ ಪಾದ್ರಿಗೆ ಸಂಕೋಚವಾಗಲಿಲ್ಲ, ಕೇಳಲು ನಿಮ್ಮವರಿಗೂ ಆಗಲಿಲ್ಲ.

ಸಭಾಪಾಲಕರೇ, ಫಾದರ್‌ಗಳೇ, ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ. ವಾಚನಾಲಯದ ಬೀರುವಿನ ಬೀಗ ತೆಗೆಸಿ. ಅದರಲ್ಲಿ ದೇವನೂರರ ‘ಒಡಲಾಳ’ ಇರಲಿ, ವೈದೇಹಿ ಇರಲಿ, ಸಾರಾ ಅಬೂಬಕ್ಕರ್ ಇರಲಿ. ಯುವಜನ ಕೂಟದಲ್ಲಿ ತಿಂಗಳಿಗೊಂದು ಸಂಜೆ ಒಂದು ಕಥೆ ಓದಿಸಿ, ಹುಡುಗರಿಗೆ ಮಾತಾಡಲು ಬಿಡಿ, ಕೊನೆಯಲ್ಲಿ ನೀವು ಎದ್ದು ತಾತ್ಪರ್ಯ ಹೇಳಬೇಡಿ. ಯಾವನಾದರೂ ಹುಡುಗ ಸಭೆಯ ಬಗ್ಗೆ ಕಹಿಯಾಗಿ ಬರೆದು ತಂದರೆ ಅವನ ಅಪ್ಪನನ್ನು ಕರೆಸಬೇಡಿ. ಓದಿ. ಸುಳ್ಳಿದ್ದರೆ ಸುಳ್ಳು ಎನ್ನಿ, ನಿಜವಿದ್ದರೆ ನಿಜ ಎನ್ನಿ.

ಬರೆಯುವ ತಮ್ಮಂದಿರೇ, ತಂಗಿಯರೇ, ನಿಮಗೆ ಅನುಮತಿ ಬರುವವರೆಗೆ ಕಾಯಬೇಡಿ. ನಿಮ್ಮ ಅಜ್ಜಿ ಇದ್ದರೆ ಈ ವಾರವೇ ಅವರ ಬಳಿ ಕೂತು, ದೀಕ್ಷಾಸ್ನಾನಕ್ಕೆ ಮೊದಲು ಮನೆಯಲ್ಲಿ ಯಾವ ಹಬ್ಬ ಮಾಡುತ್ತಿದ್ದರು, ಯಾರು ಮಾತು ಬಿಟ್ಟರು, ಯಾರು ಬಿಡಲಿಲ್ಲ ಎಂದು ಕೇಳಿ ಬರೆದುಕೊಳ್ಳಿ. ಅವರು ಹೇಳುವುದರಲ್ಲಿ ಸಭೆಗೆ ಹಿಡಿಸದ್ದು ಇರುತ್ತದೆ, ನಿಮಗೇ ಹಿಡಿಸದ್ದೂ ಇರುತ್ತದೆ. ಅದನ್ನು ಹೊಡೆದು ಹಾಕಬೇಡಿ. ಬರೆದದ್ದನ್ನು ಮೊದಲು ಸಭೆಯ ಪತ್ರಿಕೆಗೇ ಕಳಿಸಿ. ಅವರು ಹಿಂದಿರುಗಿಸಿದರೆ ‘ಮಯೂರ’ಕ್ಕೆ ಕಳಿಸಿ, ‘ತುಷಾರ’ಕ್ಕೆ ಕಳಿಸಿ. ಅಚ್ಚಾದ ಮೇಲೆ ಒಂದು ಪ್ರತಿಯನ್ನು ನಿಮ್ಮ ಸಭಾಪಾಲಕರ ಕೈಗೆ ನೀವೇ ಕೊಟ್ಟು ಬನ್ನಿ.