ಹಳೆ ಕಾರಿನ ಶಾಕಪ್ ಮನೆಯಲ್ಲೇ ಬದಲಿಸಬಹುದೇ? ಫಾರ್ವರ್ಡ್ ಮಾಡುವ ಮುನ್ನ ಇಷ್ಟು ತಿಳಿದಿರಲಿ

“ಮೆಕ್ಯಾನಿಕ್ ಬೇಡ. ನಾಲ್ಕು ಬೋಲ್ಟ್ ಬಿಚ್ಚಿದರೆ ಶಾಕಪ್ ಕೈಗೆ ಬರುತ್ತದೆ, ಸಾವಿರಾರು ರೂಪಾಯಿ ಉಳಿಯುತ್ತದೆ.” ಇಂಥ ವಿಡಿಯೊಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಹಳೆ ಕಾರಿನ ಮಾಲೀಕರಿಗೆ ಇವು ಇಷ್ಟವಾಗುವುದು ಸಹಜ. ಸಂಡೂರಿನ ಅದಿರು ಲಾರಿಗಳು ಓಡಾಡುವ ರಸ್ತೆಗಳ ಗುಂಡಿ, ಕಂಪ್ಲಿಯ ಗದ್ದೆ ದಾರಿಗಳ ಕೆಸರು, ಎರಡೂ ಸಸ್ಪೆನ್ಷನ್‌ ಅನ್ನು ಬೇಗ ಸವೆಸುತ್ತವೆ. ಹಾಗಾದರೆ ವಿಡಿಯೊ ಹೇಳುವುದು ನಿಜವೇ? ಅರ್ಧ ನಿಜ. ಉಳಿದರ್ಧವನ್ನು ನಂಬಿದರೆ ಜೀವಕ್ಕೇ ಅಪಾಯ.

ಶಾಕಪ್ ಮಾಡುವ ಕೆಲಸವೇನು?

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಗುಂಡಿಗೆ ಇಳಿದಾಗ ಅದು ಕುಗ್ಗಿ, ಹಿಗ್ಗಿ ಕುಣಿಯುತ್ತದೆ. ಆ ಕುಣಿತವನ್ನು ತಡೆಯುವುದು ಶಾಕಪ್, ಅಂದರೆ ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ಹಾದುಹೋಗುವಾಗ ಕುಣಿತದ ಶಕ್ತಿ ಶಾಖವಾಗಿ ಬದಲಾಗುತ್ತದೆ. ಶಾಕಪ್ ಸವೆದರೆ ಚಕ್ರಕ್ಕೆ ರಸ್ತೆಯ ಮೇಲಿನ ಹಿಡಿತ ತಪ್ಪುತ್ತದೆ, ಬ್ರೇಕ್ ಹಾಕಿದಾಗ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಹಾಗಾಗಿ ಇದು ಬರೀ ಸೊಂಟನೋವಿನ ವಿಷಯವಲ್ಲ.

ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ಬಫರ್ ತೂರಿಸಿದರೆ ಹೊಸ ಶಾಕಪ್ ಬೇಕಿಲ್ಲ ಎಂಬುದೂ ತಪ್ಪು. ಬಫರ್ ಕಾರನ್ನು ಸ್ವಲ್ಪ ಎತ್ತರಿಸಬಹುದು. ಸತ್ತ ಶಾಕಪ್‌ನ ಕೆಲಸವನ್ನು ಅದು ಮಾಡಲಾರದು.

ಸವೆದದ್ದು ತಿಳಿಯುವುದು ಹೇಗೆ?

ಕಾರಿನ ಮೂಲೆಯನ್ನು ಒತ್ತಿ ಬಿಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಎರಡು ಮೂರು ಸಲ ಕುಣಿದರೆ ಶಾಕಪ್ ಹೋಗಿದೆ ಎಂದೇ ಅರ್ಥ. ಆದರೆ ಕುಣಿಯದಿದ್ದ ಮಾತ್ರಕ್ಕೆ ಚೆನ್ನಾಗಿದೆ ಎನ್ನಲಾಗದು, ಅರ್ಧ ಸವೆದದ್ದು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಶಾಕಪ್ ಮೈಮೇಲೆ ಒಂದೇ ಕಡೆ ಕೆಂಪು ಧೂಳು ಅಂಟಂಟಾಗಿ ಮೆತ್ತಿಕೊಂಡಿದ್ದರೆ ಎಣ್ಣೆ ಸೋರುತ್ತಿರಬಹುದು. ಟೈರ್ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಅದೂ ಒಂದು ಸುಳಿವು.

ಹಂಪಿ ದಾರಿಯ ಹಂಪ್‌ ಮೇಲೆ ‘ಟಕ್ ಟಕ್’ ಸದ್ದು ಬಂದರೆ ಮಾತ್ರ ನೇರವಾಗಿ ಶಾಕಪ್ ಕೊಳ್ಳಲು ಹೋಗಬೇಡಿ. ಬುಷ್, ಲಿಂಕ್ ರಾಡ್ ಅಥವಾ ಬಾಲ್ ಜಾಯಿಂಟ್ ಸವೆದರೂ ಇದೇ ಸದ್ದು ಬರುತ್ತದೆ.

ಅಪಾಯ ಇರುವುದು ಎಲ್ಲಿ?

ಮಾರುತಿ 800, ಆಲ್ಟೊದಂಥ ಕಾರುಗಳ ಮುಂಭಾಗದಲ್ಲಿ ಶಾಕಪ್ ಮತ್ತು ಸ್ಪ್ರಿಂಗ್ ಒಂದೇ ಜೋಡಣೆಯಲ್ಲಿರುತ್ತವೆ. ಇದಕ್ಕೆ ಸ್ಟ್ರಟ್ ಎನ್ನುತ್ತಾರೆ. ಕಾರನ್ನು ಜಾಕಿಯಿಂದ ಎತ್ತಿದರೆ ಸ್ಪ್ರಿಂಗ್ ಸಡಿಲವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಾಗುವುದಿಲ್ಲ. ಸ್ಟ್ರಟ್ಟನ್ನು ಕಾರಿನಿಂದ ಬಿಚ್ಚಿ ನೆಲದ ಮೇಲಿಟ್ಟರೂ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ. ಅದನ್ನು ಹಿಡಿದಿಟ್ಟಿರುವುದು ಮೇಲ್ತುದಿಯ ನಡುವಿನ ನಟ್. ಆ ನಟ್ ಬಿಚ್ಚಿದ ಕ್ಷಣವೇ ಸ್ಪ್ರಿಂಗ್ ಸಿಡಿದು ಮುಖ, ಕೈಗೆ ಬಡಿಯಬಹುದು. ಅದಕ್ಕೇ ಗ್ಯಾರೇಜಿನಲ್ಲಿ ಮೊದಲು ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಬಿಗಿಯುತ್ತಾರೆ. ಹಗ್ಗ, ತಂತಿ ಕಟ್ಟಿ ಈ ಕೆಲಸ ಮಾಡುವ ವಿಡಿಯೊ ಕಂಡರೆ ಅಲ್ಲೇ ನಿಲ್ಲಿಸಿ.

ಎರಡನೇ ಅಪಾಯ ಜಾಕಿ. ಕಾರಿನೊಂದಿಗೆ ಬರುವ ಜಾಕಿ ಇರುವುದು ಸ್ಟೆಪ್ನಿ ಬದಲಿಸಲು ಮಾತ್ರ. ಅದನ್ನಷ್ಟೇ ನಂಬಿ ಕಾರಿನ ಕೆಳಗೆ ತಲೆ, ಕೈ ಹಾಕಬಾರದು. ಇಟ್ಟಿಗೆ, ಕಲ್ಲು ಜೋಡಿಸುವುದೂ ಸಾಲದು. ಗಟ್ಟಿಯಾದ ಸಮತಟ್ಟು ನೆಲ, ಜಾಕ್ ಸ್ಟ್ಯಾಂಡ್, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ, ಈ ಮೂರೂ ಬೇಕು.

ಮನೆಯಲ್ಲಿ ಏನು ಮಾಡಬಹುದು?

ಪಾನಾ ಹಿಡಿದು ಅಭ್ಯಾಸವಿದ್ದವರು ಲಿಂಕ್ ರಾಡ್ ಬದಲಿಸಬಹುದು. ಆಲ್ಟೊ ಹಿಂಭಾಗದಂತೆ ಶಾಕಪ್ ಮತ್ತು ಸ್ಪ್ರಿಂಗ್ ಬೇರೆ ಬೇರೆ ಇರುವಲ್ಲಿ ಶಾಕಪ್ಪನ್ನೂ ಬದಲಿಸಬಹುದು. ಆದರೆ ಬೋಲ್ಟ್ ಬಿಚ್ಚುವ ಮೊದಲು ಆಕ್ಸಲ್‌ಗೆ ಆಸರೆ ಕೊಡಬೇಕು, ಇಲ್ಲವಾದರೆ ಅದು ಕೆಳಗೆ ಜಗ್ಗಿ ಬ್ರೇಕ್ ಪೈಪ್ ಎಳೆಯಬಹುದು. ಶಾಕಪ್‌ಗಳನ್ನು ಎಡ, ಬಲ ಜೋಡಿಯಾಗಿಯೇ ಬದಲಿಸಿ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಕೊನೆಯ ಬಾರಿ ಬಿಗಿಯುವಾಗ ಕಾರಿನ ಭಾರ ಚಕ್ರಗಳ ಮೇಲಿರಬೇಕು. ಚಕ್ರ ಜೋತಾಡುವಾಗಲೇ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಮುಂಭಾಗದ ಸ್ಟ್ರಟ್, ಲೋವರ್ ಆರ್ಮ್, ಬಾಲ್ ಜಾಯಿಂಟ್ ಕೆಲಸವನ್ನು ಮೆಕ್ಯಾನಿಕ್‌ಗೇ ಬಿಡಿ. ಇವನ್ನು ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರ್ ಕೂಡ ಬೇಗ ಸವೆಯುತ್ತದೆ. ಹಣ ಉಳಿಸಬೇಕೆಂದರೆ ಬಿಡಿಭಾಗಗಳನ್ನು ನೀವೇ ತಂದುಕೊಟ್ಟು ಕೂಲಿ ಮಾತ್ರ ಕೊಡುವ ದಾರಿಯೂ ಇದೆ.

ಕೊನೆಯದಾಗಿ

ಇಂಥ ವಿಡಿಯೊ ಬಂದರೆ ಮೂರು ವಿಷಯ ನೋಡಿ: ಜಾಕ್ ಸ್ಟ್ಯಾಂಡ್ ಇದೆಯೇ? ಸ್ಟ್ರಟ್ ಬಿಚ್ಚುವಾಗ ಸ್ಪ್ರಿಂಗ್ ಕಂಪ್ರೆಸರ್ ಹಾಕಿದ್ದಾರೆಯೇ? ಯಾವ ಕಾರು, ಮುಂಭಾಗವೋ ಹಿಂಭಾಗವೋ ಎಂದು ಹೇಳಿದ್ದಾರೆಯೇ? ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಅದನ್ನು ಫಾರ್ವರ್ಡ್ ಮಾಡಬೇಡಿ. ನಿಮ್ಮ ಗುಂಪಿನಲ್ಲಿ ಯಾರೋ ಒಬ್ಬರು ಅದನ್ನು ನೋಡಿಕೊಂಡೇ ಪಾನಾ ಹಿಡಿಯಬಹುದು.